ಆಟದ ಪೀರಿಯಡ್ ಪಾಠವಲ್ಲವೇ?

ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ನಾನು ದೈಹಿಕ ಶಿಕ್ಷಕರ ಬಳಿ ಹೋಗಿ, "ಸರ್, ಇವತ್ತು ನಿಮ್ಮ ಪೀರಿಯಡ್ ಕೊಡಿ, ಪೋರ್ಷನ್ ಬಾಕಿ ಇದೆ" ಎಂದು ಎಷ್ಟೋ ಸಲ ಕೇಳಿದ್ದೇನೆ. ಅವರು ನಗುತ್ತಲೇ ಕೊಟ್ಟಿದ್ದಾರೆ. ಶೂ ಲೇಸ್ ಬಿಗಿದುಕೊಂಡು ಸಾಲಾಗಿ ನಿಂತಿದ್ದ ಮಕ್ಕಳು ಮುಖ ಸಣ್ಣದು ಮಾಡಿಕೊಂಡು ಮತ್ತೆ ಬೆಂಚಿಗೆ ಮರಳಿದ್ದಾರೆ. ಆ ದಿನ ನಾನು ಹೇಳಿಕೊಟ್ಟ ಸಂಧಿ ಸಮಾಸಗಳು ಎಷ್ಟು ಜನರ ತಲೆಗೆ ಹೋದವೋ ದೇವರೇ ಬಲ್ಲ. ಗಣಿತದವರೂ ವಿಜ್ಞಾನದವರೂ ಹೀಗೇ ಕೇಳುತ್ತಾರೆ. ಆದರೆ ದೈಹಿಕ ಶಿಕ್ಷಕರು ನಮ್ಮ ಪೀರಿಯಡ್ ಕೇಳಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಇದು ಸರಿಯೇ ಎಂದು ನನ್ನನ್ನು ಯೋಚನೆಗೆ ಹಚ್ಚಿದ್ದು ಒಬ್ಬ ಅಮೆರಿಕನ್ ತರಬೇತುದಾರರ ಜೀವನ. ಅವರ ಹೆಸರು ಅಮೋಸ್ ಅಲೊಂಜೊ ಸ್ಟ್ಯಾಗ್. ಅವರು ಕಲಿಸಿದ್ದು ಅಮೆರಿಕದ ಫುಟ್‌ಬಾಲ್, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ.

ಸ್ಟ್ಯಾಗ್ ಹುಟ್ಟಿದ್ದು 1862ರಲ್ಲಿ, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ. ತಂದೆ ಚಪ್ಪಲಿ ಹೊಲಿಯುವವರು, ಮನೆಯಲ್ಲಿ ಬಡತನ. ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಅವರಿಗೆ ಪಾದ್ರಿಯಾಗುವ ಆಸೆಯಿತ್ತು. ಬೇಸ್‌ಬಾಲ್‌ನಲ್ಲಿ ಒಳ್ಳೆಯ ಹೆಸರು ಮಾಡಿದರು; ಹಣಕ್ಕಾಗಿ ಆಡಲು ಬಂದ ಕರೆಗಳನ್ನು ನಿರಾಕರಿಸಿದರು. ಆದರೆ ಜನರ ಮುಂದೆ ನಿಂತು ಪ್ರವಚನ ಮಾಡುವುದು ತಮಗೆ ಒಲಿಯದು ಎಂದು ಅರಿವಾದಾಗ, ಮೈದಾನವೇ ತನ್ನ ಸೇವೆಯ ಸ್ಥಳ ಎಂದು ತೀರ್ಮಾನಿಸಿದರು.

1890ರಲ್ಲಿ ಅವರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ.ಯ ಪುಟ್ಟ ತರಬೇತಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಅವರ ಫುಟ್‌ಬಾಲ್ ತಂಡದಲ್ಲಿ ಆಡಿದವರಲ್ಲಿ ಜೇಮ್ಸ್ ನೈಸ್ಮಿತ್ ಒಬ್ಬರು. 1891ರಲ್ಲಿ ಬ್ಯಾಸ್ಕೆಟ್‌ಬಾಲನ್ನು ಕಂಡುಹಿಡಿದವರು ಇವರೇ! ಮರುವರ್ಷ ಆ ಹೊಸ ಆಟದ ಮೊದಲ ಸಾರ್ವಜನಿಕ ಪಂದ್ಯ ನಡೆದದ್ದು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ. ವಿದ್ಯಾರ್ಥಿಗಳು 5–1ರಿಂದ ಗೆದ್ದರು. ಶಿಕ್ಷಕರ ಕಡೆಯ ಆ ಒಂದೇ ಒಂದನ್ನು ಹಾಕಿದವರು ಸ್ಟ್ಯಾಗ್.

1892ರಲ್ಲಿ ಹೊಸದಾಗಿ ಆರಂಭವಾದ ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಅವರನ್ನು ಕರೆಸಿಕೊಂಡರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹಾರ್ಪರ್ ಅವರು ಸ್ಟ್ಯಾಗ್‌ಗೆ ಕೊಟ್ಟದ್ದು ಬರೀ ಕೋಚ್ ಕೆಲಸವನ್ನಲ್ಲ, ಪ್ರಾಧ್ಯಾಪಕರ ಸಾಲಿನಲ್ಲಿ ಒಂದು ಸ್ಥಾನವನ್ನು. ಇತಿಹಾಸ ಕಲಿಸುವವರಂತೆಯೇ ಆಟ ಕಲಿಸುವವರೂ ಗುರುಗಳು ಎಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಂದು ವಿಶ್ವವಿದ್ಯಾಲಯ ಒಪ್ಪಿಕೊಂಡಿತ್ತು.

ಅಲ್ಲಿ 41 ಋತುಗಳ ಕಾಲ ದುಡಿದ ಸ್ಟ್ಯಾಗ್‌ಗೆ 70 ವರ್ಷ ತುಂಬಿದಾಗ ನಿಯಮದಂತೆ ನಿವೃತ್ತಿಯಾಯಿತು. ಮನೆಯಲ್ಲಿ ಕುಳಿತರೇ? ಇಲ್ಲ. 1933ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿದ್ದ ಕಾಲೇಜ್ ಆಫ್ ದ ಪೆಸಿಫಿಕ್ ಎಂಬ ಸಣ್ಣ ಕಾಲೇಜಿಗೆ ಹೋದರು. 1938ರಲ್ಲಿ ಆ ಹುಡುಗರನ್ನು ಕರೆದುಕೊಂಡು ಷಿಕಾಗೋಗೆ ಬಂದು, ತಮ್ಮದೇ ಹೆಸರಿನ ಸ್ಟ್ಯಾಗ್ ಫೀಲ್ಡ್‌ನಲ್ಲಿ, ತಮ್ಮ ಹಳೆಯ ಸಂಸ್ಥೆಯನ್ನು 32–0ರಿಂದ ಸೋಲಿಸಿದರು. 1943ರಲ್ಲಿ ವರ್ಷದ ಶ್ರೇಷ್ಠ ತರಬೇತುದಾರ ಎಂಬ ಗೌರವ ಸಿಕ್ಕಿತು. ಆಗ ಅವರಿಗೆ 81 ವರ್ಷ! ಆಮೇಲೆ ಪೆನ್ಸಿಲ್ವೇನಿಯಾದ ಪುಟ್ಟ ಸಸ್ಕ್ವೆಹಾನಾದಲ್ಲಿ ಮಗನ ಜೊತೆಗೂಡಿ ಕಲಿಸಿದರು. ಕೊನೆಗೆ ಸ್ಟಾಕ್‌ಟನ್‌ಗೆ ಮರಳಿ, 1960ರಲ್ಲಿ, 98ನೇ ವಯಸ್ಸಿನಲ್ಲಿ ಮೈದಾನ ಬಿಟ್ಟರು. 1965ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ಅವರ ಲೆಕ್ಕದಲ್ಲಿ 314 ಗೆಲುವುಗಳಿವೆ. ಎಲ್ಲರೂ ಹೇಳುವುದು ಇದನ್ನೇ. ಆದರೆ ಸುಮಾರು 200 ಸೋಲುಗಳೂ ಇವೆ. ನನಗೆ ಹೆಚ್ಚು ಪಾಠ ಕಲಿಸಿದ್ದು ಈ ಎರಡನೆಯ ಸಂಖ್ಯೆ. ಸೋತ ಮರುದಿನ ಮತ್ತೆ ಮೈದಾನಕ್ಕೆ ಹೋಗುವುದನ್ನು ಯಾವ ಪಠ್ಯಪುಸ್ತಕ ಕಲಿಸುತ್ತದೆ? ನಮ್ಮ ಮಕ್ಕಳು ಯೂನಿಟ್ ಟೆಸ್ಟಿನಲ್ಲಿ ಎರಡು ಅಂಕ ಕಡಿಮೆಯಾದರೆ ಮನೆಗೆ ಹೋಗಲು ಹೆದರುತ್ತಾರೆ. ಸೋಲನ್ನು ಸಲೀಸಾಗಿ ಸ್ವೀಕರಿಸುವ ಅಭ್ಯಾಸ ಅವರಿಗೆ ಸಿಗುವುದು ಆಟದಲ್ಲಿ ಮಾತ್ರ.

"ಟೀಚರ್, ಆಟದಿಂದ ಹೊಟ್ಟೆ ತುಂಬುತ್ತದೆಯೇ? ಅಂಕ ಇಲ್ಲದಿದ್ದರೆ ಸೀಟು ಎಲ್ಲಿ ಸಿಗುತ್ತದೆ?" ಎಂದು ಪೋಷಕರು ಕೇಳಬಹುದು. ಆ ಚಿಂತೆ ಸುಳ್ಳಲ್ಲ. ಆಟದ ಹುಚ್ಚು ಅತಿಯಾಗಬಾರದು ಎಂಬುದೂ ನಿಜ. ಷಿಕಾಗೋ ವಿಶ್ವವಿದ್ಯಾಲಯವೇ 1939ರಲ್ಲಿ, ಕಾಲೇಜಿನ ಕೆಲಸ ವಿದ್ಯೆ ಎಂದು, ದೊಡ್ಡ ಮಟ್ಟದ ಫುಟ್‌ಬಾಲನ್ನು ಕೈಬಿಟ್ಟಿತು. ಆದರೆ ನಾನು ಕೇಳುತ್ತಿರುವುದು ಸ್ಟೇಡಿಯಂ ಅಲ್ಲ, ಕಪ್ಪೂ ಅಲ್ಲ. ವಾರಕ್ಕೆ ಎರಡೇ ಎರಡು ಪೀರಿಯಡ್. ಊರಿನಲ್ಲಾದರೆ ಸಂಜೆ ಬೀದಿಯಲ್ಲಿ ಆಡುತ್ತಿದ್ದೆವು. ಇಲ್ಲಿ ನಮ್ಮ ಮಕ್ಕಳು ಫ್ಲ್ಯಾಟ್‌ನಿಂದ ಬಸ್ಸಿಗೆ, ಬಸ್ಸಿನಿಂದ ತರಗತಿಗೆ, ಮತ್ತೆ ಟ್ಯೂಷನ್‌ಗೆ. ವರ್ಷದ ಅರ್ಧ ಭಾಗ ಹೊರಗೆ ಕಾಲಿಡಲಾರದ ಬಿಸಿಲು. ತಂಪಾದ ಆ ಕೆಲವು ತಿಂಗಳಲ್ಲೂ ಅವರ ಮೈದಾನವನ್ನು ನಾವೇ ಕಸಿದುಕೊಂಡರೆ ಅವರಿಗೆ ಉಳಿಯುವುದೇನು?

ಬಿ.ಎಡ್. ಪರೀಕ್ಷೆಯಲ್ಲಿ ನಾನು 'ಮಗುವಿನ ಸರ್ವಾಂಗೀಣ ಬೆಳವಣಿಗೆ' ಎಂದು ಪುಟಗಟ್ಟಲೆ ಬರೆದು ಅಂಕ ಪಡೆದವಳು. ಬರೆದದ್ದನ್ನು ನಡೆಸುವ ಕಾಲ ಈಗ ಬಂದಿದೆ.

ಪೋಷಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಬಾರಿ ಪೋಷಕರ ಸಭೆಗೆ ಬಂದಾಗ ಗಣಿತ, ವಿಜ್ಞಾನದ ಟೀಚರ್‌ಗಳ ಮುಂದೆ ಸಾಲು ನಿಂತ ಮೇಲೆ ಐದು ನಿಮಿಷ ದೈಹಿಕ ಶಿಕ್ಷಕರನ್ನೂ ಕಾಣಿರಿ. ನಿಮ್ಮ ಮಗು ಬಿದ್ದಾಗ ಅಳುತ್ತದೆಯೇ, ಗೆಳೆಯನಿಗೆ ಚೆಂಡು ಕೊಡುತ್ತದೆಯೇ, ಸೋತಾಗ ಕೈ ಕುಲುಕುತ್ತದೆಯೇ ಎಂದು ಕೇಳಿರಿ. ನಮಗೆ ಯಾರಿಗೂ ಗೊತ್ತಿಲ್ಲದ ನಿಮ್ಮ ಮಗು ಅವರಿಗೆ ಗೊತ್ತಿರುತ್ತದೆ.

ಇನ್ನು ಮಕ್ಕಳೇ, ನಿಮಗೊಂದು ಮಾತು ಕೊಡುತ್ತೇನೆ. ಇನ್ನು ಮುಂದೆ ನಿಮ್ಮ ಆಟದ ಪೀರಿಯಡ್ ನಾನು ಕೇಳುವುದಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತು ಕೇಳಿದರೆ, ಈ ಪುಟ ತೆಗೆದು ನನಗೆ ತೋರಿಸಿ. ನಾನು ಸಿಟ್ಟಾಗುವುದಿಲ್ಲ.