ನೇರ ಮೇಲೇಳುವ ವಿದ್ಯುತ್ ವಿಮಾನ: ವಿದ್ಯಾರ್ಥಿಗಳು ಕಟ್ಟಬೇಕೆ?

ಪರ

ಖಂಡಿತ ಕಟ್ಟಲಿ. ಈಗ ಬೆಂಗಳೂರು ದಕ್ಷಿಣವಾಗಿರುವ ರಾಮನಗರ ಜಿಲ್ಲೆಯಲ್ಲೇ ಏರೋಸ್ಪೇಸ್ ಎಂಜಿನಿಯರಿಂಗ್ ಕಲಿಯುವವರಿದ್ದಾರೆ: ಹಾರೋಹಳ್ಳಿಯ ದಯಾನಂದ ಸಾಗರ್ ವಿಶ್ವವಿದ್ಯಾಲಯದಲ್ಲಿ, ಜಕ್ಕಸಂದ್ರದ ಜೈನ್ ವಿಶ್ವವಿದ್ಯಾಲಯದಲ್ಲಿ. ಬೆಂಗಳೂರಿನ ಸರ್ಲಾ ಏವಿಯೇಷನ್ 2025ರ ಜನವರಿಯಲ್ಲಿ ‘ಶೂನ್ಯ’ ಎಂಬ, ನೇರ ಮೇಲೇಳುವ ವಿದ್ಯುತ್ ಏರ್ ಟ್ಯಾಕ್ಸಿಯ ಮಾದರಿ ತೋರಿಸಿತು. ಇಂಥದನ್ನೇ ಕಟ್ಟಹೊರಟ ಇಪ್ಲೇನ್ ಕಂಪನಿ ಹುಟ್ಟಿದ್ದೇ ಐಐಟಿ ಮದ್ರಾಸ್‌ನಲ್ಲಿ. ಇಂಥ ಕಡೆ ಕೆಲಸಕ್ಕೆ ಹೋಗುವವರಿಗೆ ಬರೀ ನೋಟ್ಸ್ ಸಾಲದು.

ಈ ವಿಮಾನದ ನಿಜವಾದ ಕಷ್ಟ ಕೆಲವೇ ಸೆಕೆಂಡುಗಳದ್ದು. ಮೊದಲು ರೋಟರ್‌ಗಳು ಇಡೀ ಭಾರ ಹೊತ್ತು ಮೇಲೇಳುತ್ತವೆ; ಮುಂದಕ್ಕೆ ವೇಗ ಬಂದಂತೆಲ್ಲ ಆ ಭಾರ ರೆಕ್ಕೆಗೆ ದಾಟಬೇಕು. ಅವಸರಪಟ್ಟು ರೋಟರ್ ತಗ್ಗಿಸಿದರೆ ನೆಲಕ್ಕೆ ಬೀಳುತ್ತದೆ, ತಡಮಾಡಿದರೆ ಬ್ಯಾಟರಿ ಬರಿದಾಗುತ್ತದೆ. ಐದು ಕೆಜಿಯ ಮಾದರಿಯನ್ನು ಮೈದಾನದಲ್ಲಿ ಹಾರಿಸಿ, ಸಂಜೆ ಲ್ಯಾಪ್‌ಟಾಪ್‌ನಲ್ಲಿ ಹಾರಾಟದ ಲಾಗ್ ತೆರೆದು, ಯಾವ ಕ್ಷಣದಲ್ಲಿ ಕರೆಂಟ್ ಜಿಗಿಯಿತು ಎಂದು ಹುಡುಕುವ ವಿದ್ಯಾರ್ಥಿನಿಗೆ ಇದು ಅರ್ಥವಾದಷ್ಟು ಪರೀಕ್ಷೆಗೆ ಓದಿದವರಿಗೆ ಆಗದು.

ಕಾನೂನೂ ಅಡ್ಡ ಬರುವುದಿಲ್ಲ. ಡ್ರೋನ್ ಹಾರಾಟಕ್ಕೆ ಮುಂಗಡ ಅನುಮತಿ ಬೇಡದ ‘ಹಸಿರು ವಲಯ’ದಲ್ಲಿ, ತಮ್ಮದೇ ಆವರಣದೊಳಗೆ ಸಂಶೋಧನೆಗಾಗಿ ಹಾರಿಸುವ ಶಿಕ್ಷಣ ಸಂಸ್ಥೆಗಳಿಗೆ 2021ರ ಡ್ರೋನ್ ನಿಯಮಗಳು ಟೈಪ್ ಸರ್ಟಿಫಿಕೇಟ್‌ನಿಂದಲೂ ಪೈಲಟ್ ಲೈಸೆನ್ಸ್‌ನಿಂದಲೂ ವಿನಾಯಿತಿ ಕೊಟ್ಟಿವೆ.

ವಿರೋಧ

ಐದು ಕೆಜಿಯ ಮಾದರಿಗೆ ನನ್ನ ತಕರಾರಿಲ್ಲ. ‘ಮನುಷ್ಯರನ್ನು ಹೊರುವ ವಿಮಾನ ಮಾಡುತ್ತೇವೆ’ ಎಂದು ಕಾಲೇಜಿನ ಗೇಟಿಗೆ ಬ್ಯಾನರ್ ಕಟ್ಟುವುದನ್ನು ವಿರೋಧಿಸುತ್ತೇನೆ. ಬೋಯಿಂಗ್ ಬೆಂಬಲದ ಗೋಫ್ಲೈ ಸ್ಪರ್ಧೆಯಲ್ಲಿ, ಒಬ್ಬರನ್ನು ಹೊತ್ತು ಹಾರುವ ಯಂತ್ರಕ್ಕೆ 10 ಲಕ್ಷ ಡಾಲರ್ ಇಟ್ಟಿದ್ದರು. ಹೆಸರಾಂತ ವಿಶ್ವವಿದ್ಯಾಲಯಗಳ ತಂಡಗಳೂ ಕಣದಲ್ಲಿದ್ದವು. 2020ರ ಅಂತಿಮ ಸುತ್ತಿನಲ್ಲಿ ಆ ಬಹುಮಾನ ಯಾರಿಗೂ ಸಿಗಲಿಲ್ಲ.

ಶಕ್ತಿಯ ಲೆಕ್ಕ ನೋಡಿ. ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 12,000 ವಾಟ್-ಅವರ್. ಒಂದು ಕೆಜಿ ಲಿಥಿಯಂ ಬ್ಯಾಟರಿಯಲ್ಲಿ 250ರ ಆಸುಪಾಸು. ನಿಂತಲ್ಲೇ ತೇಲುವುದಕ್ಕೆ ರೆಕ್ಕೆಯ ಮೇಲೆ ಸಾಗುವುದಕ್ಕಿಂತ ಹಲವು ಪಟ್ಟು ಶಕ್ತಿ ಬೇಕು. ಭಾರ ಹೆಚ್ಚಿದಷ್ಟೂ ಪೆಟ್ಟು ತಿಂದ ಬ್ಯಾಟರಿಯ ಬೆಂಕಿಯೂ ದೊಡ್ಡದು. ಅದನ್ನು ಆರಿಸಲು ಬರುವವರಿಗೆ ತರಬೇತಿ ಕೊಟ್ಟವರು ಯಾರು?

ಮೋಟರ್, ಫ್ಲೈಟ್ ಕಂಟ್ರೋಲರ್, ಪ್ರೊಪೆಲ್ಲರ್ ಎಲ್ಲವನ್ನೂ ಕೊಂಡು ತಂದು ಜೋಡಿಸಿದರೆ ವಿದ್ಯಾರ್ಥಿ ಕಲಿಯುವುದು ಸ್ಕ್ರೂ ಬಿಗಿಯುವುದನ್ನೇ. ಅದೇ ದುಡ್ಡಿನಲ್ಲಿ ತಳ್ಳುಬಲ ಅಳೆಯುವ ಒಂದು ಥ್ರಸ್ಟ್ ಸ್ಟ್ಯಾಂಡ್ ಹಾಕಿ, ಒಂದೇ ಮೋಟರನ್ನು ಗಂಟೆಗಟ್ಟಲೆ ಓಡಿಸಿ, ಎಷ್ಟು ಬಿಸಿಯಾಯಿತು, ಬೇರಿಂಗ್ ಯಾವಾಗ ಸವೆಯಿತು ಎಂದು ಬರೆದಿಡಲಿ. ಕಂಪನಿಗಳಿಗೆ ಬೇಕಾದ ಎಂಜಿನಿಯರ್ ಅಲ್ಲಿ ತಯಾರಾಗುತ್ತಾರೆ.

ಇನ್ನೊಂದು ಮಾತು. ವಿಡಿಯೊ ಚೆಂದ ಬರುತ್ತದೆಂದು ರಾಮನಗರದ ರಾಮದೇವರ ಬೆಟ್ಟದ ಕಡೆ ಹಾರಿಸುವ ಯೋಚನೆ ಬೇಡವೇ ಬೇಡ. 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ ಬೆಟ್ಟ ಅದು; ಉಳಿದಿರುವ ರಣಹದ್ದುಗಳು ಬೆರಳೆಣಿಕೆಯಷ್ಟು.