ನಲವತ್ತು ವರ್ಷದ ‘ತಾತ್ಕಾಲಿಕ’

ಹೋದ ತಿಂಗಳು ಮಠದಲ್ಲಿ ಶಿವಾನುಭವ ಗೋಷ್ಠಿ ಮುಗಿಸಿ ಪ್ರಸಾದಕ್ಕೆ ಕುಳಿತಾಗ, ಪಾಕಿಸ್ತಾನವು ಅಫ್ಗಾನ್ ನಿರಾಶ್ರಿತರನ್ನು ಹೊರಹಾಕುತ್ತಿರುವ ಮಾತು ಬಂತು. “ನಲವತ್ತ ವರ್ಷ ಅನ್ನಾ ಹಾಕ್ಯಾರ. ಇನ್ನ ಎಷ್ಟು ದಿನ ಸಾಕಬೇಕ್ರೀ?” ಎಂದರು, ನನ್ನೊಡನೆ ನಿವೃತ್ತರಾದ ಹಿರಿಯರೊಬ್ಬರು. ಪಂಕ್ತಿಯಲ್ಲಿದ್ದವರು ತಲೆಯಾಡಿಸಿದರು. ದಾಸೋಹದ ಎಲೆಯ ಮುಂದೆ ಕುಳಿತು ಆಡಿದ ಮಾತು! ಅಂದು ಸುಮ್ಮನಿದ್ದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 1979ರ ಕೊನೆಯಲ್ಲಿ ಸೋವಿಯತ್ ಸೇನೆ ನುಗ್ಗಿದ ಮೇಲೆ ಲಕ್ಷಾಂತರ ಜನ ಪೇಶಾವರ, ಕ್ವೆಟ್ಟಾಗಳ ಕಡೆ ಬಂದರು. ಅಲ್ಲಿಯ ಸಾಮಾನ್ಯ ಜನ ಜಾಗ ಕೊಟ್ಟರು, ಅದು ದೊಡ್ಡ ಮಾತು. ಆದರೆ ಡೇರೆ, ಗೋಧಿಗೆ ವಿಶ್ವಸಂಸ್ಥೆ ಮತ್ತು ಹೊರದೇಶಗಳ ಹಣವೂ ಬಂತು. ಆಮೇಲೆ ಅವರು ಇಟ್ಟಿಗೆ ಭಟ್ಟಿಯಲ್ಲಿ, ಗಂಬಳಿ ಮಗ್ಗದಲ್ಲಿ, ತರಕಾರಿ ಮಂಡಿಯಲ್ಲಿ ಬೆವರು ಸುರಿಸಿ ಉಂಡರು. ದುಡಿದು ಉಂಡವರನ್ನು ಸಾಕಿದೆವು ಎನ್ನುವುದು ಯಾವ ನ್ಯಾಯ?

ನಾನು ಮೂವತ್ತು ವರ್ಷ ಎಸ್ಟಿಮೇಟ್ ಬರೆದವನು. ‘ತಾತ್ಕಾಲಿಕ ಶೆಡ್’ ಎಂದು ಬರೆದರೆ ಮುಗಿಯಿತು: ಗಟ್ಟಿ ತಳಪಾಯ ಬೇಡ, ವರ್ಷದ ದುರಸ್ತಿಗೆ ಹಣ ಬೇಡ. ಮುಳುಗಡೆ ಸಂತ್ರಸ್ತರಿಗೆ ಹಾಕಿದ ತಗಡಿನ ಶೆಡ್ಡಿನಲ್ಲಿ ಮೊಮ್ಮಕ್ಕಳು ಹುಟ್ಟಿದ್ದನ್ನು ಕಂಡಿದ್ದೇನೆ. ಕಡತದಲ್ಲಿ ಅದು ಆಗಲೂ ತಾತ್ಕಾಲಿಕವೇ. ಆ ಕಡತಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಪಾಕಿಸ್ತಾನವು ಇದನ್ನೇ ಮನುಷ್ಯರಿಗೆ ಮಾಡಿತು. 2006-07ರಲ್ಲಿ ನೋಂದಣಿ ಕಾರ್ಡು ಕೊಟ್ಟು, ಮತ್ತೆ ಮತ್ತೆ ಅವಧಿ ವಿಸ್ತರಿಸಿತು. ಬ್ಯಾಂಕ್ ಖಾತೆಗೆ ಅನುಮತಿ ಸಿಕ್ಕಿದ್ದು 2019ರಲ್ಲಿ. ಅಲ್ಲಿಯ 1951ರ ಪೌರತ್ವ ಕಾಯ್ದೆ, ಆ ನೆಲದಲ್ಲಿ ಹುಟ್ಟಿದವರು ಪೌರರು ಎನ್ನುತ್ತದೆ. ಅಫ್ಗಾನ್ ಮಕ್ಕಳಿಗೆ ಅದು ದಕ್ಕಲಿಲ್ಲ. 2018ರಲ್ಲಿ ಪ್ರಧಾನಿ ಇಮ್ರಾನ್ ಖಾನ್ ಕೊಡುತ್ತೇನೆಂದರು, ವಿರೋಧ ಎದ್ದೊಡನೆ ಹಿಂದೆ ಸರಿದರು.

2023ರ ಅಕ್ಟೋಬರಿನಲ್ಲಿ ಆಜ್ಞೆ ಹೊರಟಿತು: ಕಾಗದವಿಲ್ಲದವರು 17 ಲಕ್ಷ ಜನರಿದ್ದಾರೆ, ನವೆಂಬರ್ 1ರೊಳಗೆ ಹೊರಡಬೇಕು. ತೋರ್ಖಮ್, ಚಮನ್ ಗಡಿಗಳಲ್ಲಿ ಲಾರಿಗಳ ಸಾಲು. ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 5 ಲಕ್ಷ ಜನ ದಾಟಿದ್ದರು. ಕಾಗದ ಇದ್ದವರು ಉಳಿದರೇ? ಅಫ್ಗಾನ್ ಪೌರ ಕಾರ್ಡಿನವರಿಗೆ 2025ರ ಮಾರ್ಚ್ 31 ಗಡುವಾಯಿತು. ನೋಂದಣಿ ಕಾರ್ಡಿನ ಅವಧಿ ಜೂನ್ 30ಕ್ಕೆ ತೀರಿತು, ಮುಂದುವರಿಸಲಿಲ್ಲ. ಅಕ್ರಮವಾಗಿ ಇದ್ದವರನ್ನು ಕಳಿಸುತ್ತೇವೆ ಎಂದವರು, ಸಕ್ರಮವಾಗಿದ್ದವರನ್ನೇ ಅಕ್ರಮ ಮಾಡಿದರು.

ಇದಕ್ಕೆ ‘ವಾಪಸಾತಿ’ ಎಂಬ ಹೆಸರು ಬೇರೆ. ಪೇಶಾವರದಲ್ಲಿ ಹುಟ್ಟಿ ಒಂಬತ್ತನೇ ತರಗತಿ ಓದುವ ಹುಡುಗಿ ಎಲ್ಲಿಗೆ ವಾಪಸು ಹೋಗಬೇಕು? ಗಡಿಯ ಆಚೆ ಆರನೇ ತರಗತಿಯ ನಂತರ ಹೆಣ್ಣುಮಕ್ಕಳಿಗೆ ಶಾಲೆ ಮುಚ್ಚಿದ್ದು 2021ರಲ್ಲಿ, ವಿಶ್ವವಿದ್ಯಾಲಯ ಮುಚ್ಚಿದ್ದು 2022ರಲ್ಲಿ. ಗಡಿಯಲ್ಲಿ ಅವಳ ಕೈಗೊಂದು ಕಂಬಳಿ ಕೊಟ್ಟು ಫೋಟೋ ತೆಗೆದರೆ ನೆರವು ಆಯಿತೇ?

ಪಾಕಿಸ್ತಾನ ತಾನೇ ಎಂದು ನಗುವ ಬಂಧುಗಳೂ ನಮ್ಮಲ್ಲಿದ್ದಾರೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಅವರು ಸಹಿ ಹಾಕಿಲ್ಲ, ನಾವೂ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನು ನಮ್ಮಲ್ಲೂ ಇಲ್ಲ. ದೆಹಲಿಯ ಲಾಜಪತ್ ನಗರ, ಭೋಗಲ್‌ಗಳಲ್ಲಿರುವ ಅಫ್ಗಾನ್ ಕುಟುಂಬಗಳ ಬಾಳು ವಿಶ್ವಸಂಸ್ಥೆಯ ಒಂದು ಕಾರ್ಡಿನ ಮೇಲೆ, ನಮ್ಮ ಅಧಿಕಾರಿಗಳ ಮರ್ಜಿಯ ಮೇಲೆ ನಿಂತಿದೆ. ಹೆರಾತ್ ಪ್ರಾಂತ್ಯದಲ್ಲಿ ಭಾರತ ಕಟ್ಟಿದ ಸಲ್ಮಾ ಅಣೆಕಟ್ಟು 2016ರಲ್ಲಿ ಉದ್ಘಾಟನೆಯಾದಾಗ, ಎಂಜಿನಿಯರನಾಗಿ ನಾನು ಹೆಮ್ಮೆಪಟ್ಟಿದ್ದೆ. ಐದು ವರ್ಷಕ್ಕೆ, 2021ರ ಆಗಸ್ಟಿನಲ್ಲಿ, ದೇಶದ ಹೊರಗಿದ್ದ ಅಫ್ಗಾನರಿಗೆ ಕೊಟ್ಟಿದ್ದ ವೀಸಾಗಳನ್ನು ನಮ್ಮ ಸರ್ಕಾರ ಒಂದೇ ಏಟಿಗೆ ರದ್ದು ಮಾಡಿತು. ಇಲ್ಲಿ ಓದುತ್ತಿದ್ದು ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಬಿದ್ದರು.

ಆದ್ದರಿಂದ ಆ ಹಿರಿಯರಿಗೆ ಹೇಳುತ್ತೇನೆ: ಎಷ್ಟು ದಿನ ಅನ್ನ ಹಾಕಬೇಕೆಂದು ಕೇಳಬೇಡಿ, ಅವರ ಕೈಗೆ ಗಟ್ಟಿ ಕಾಗದ ಏಕೆ ಕೊಡಲಿಲ್ಲವೆಂದು ಕೇಳಿ. ಆ ಪ್ರಶ್ನೆಯನ್ನು ಇಸ್ಲಾಮಾಬಾದಿಗೂ ಕೇಳಿ, ದೆಹಲಿಗೂ ಕೇಳಿ. ಮುಂದಿನ ಗೋಷ್ಠಿಯಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಬೇಕೆಂದು ಪೂಜ್ಯರಲ್ಲಿ ಬಿನ್ನವಿಸಿದ್ದೇನೆ. ಅವರೂ ಬಂದು ವಾದ ಮಾಡಲಿ.