ಬಯಲುಸೀಮೆಯವರ ಕಡಲ ಸೂಟಿ

ರನ್ನನ ಗದಾಯುದ್ಧವನ್ನು ಪಾಠ ಹೇಳತೊಡಗಿ ನನಗೆ ಇಪ್ಪತ್ತು ವರ್ಷಗಳಾದವು. ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ ದುರ್ಯೋಧನನಿಗೆ ಭೀಮನ ಗರ್ಜನೆಯಿಂದ ಅಲ್ಲಿಯೂ ಬೆವರೊಡೆದ ಪ್ರಸಂಗವನ್ನು ಪ್ರತಿವರ್ಷವೂ ರಸವತ್ತಾಗಿಯೇ ವಿವರಿಸುತ್ತ ಬಂದಿದ್ದೇನೆ. ಹೋದ ವರ್ಷ ಹಿಂದಿನ ಬಾಕಿನ ಹುಡುಗನೊಬ್ಬನು ಎದ್ದು ನಿಂತು, “ಸರ್, ನೀರಿನೊಳಗೆ ಕಣ್ಣು ತೆರೆದರೆ ಏನು ಕಾಣಿಸುತ್ತದೆ?” ಎಂದು ಕೇಳಿದನು. ಉತ್ತರ ನನ್ನಲ್ಲಿರಲಿಲ್ಲ. ನಲವತ್ತಾರು ವರ್ಷಗಳ ಆಯುಷ್ಯದಲ್ಲಿ ತಲೆ ಮುಳುಗುವಷ್ಟು ನೀರಿಗೆ ನಾನು ಇಳಿದವನೇ ಅಲ್ಲ.

ನನ್ನ ಊರು ನವಲಗುಂದ ತಾಲೂಕಿನ ಮೊರಬ. ಕಣ್ಣು ಹರಿಯುವವರೆಗೆ ಯರಿಹೊಲ. ಬಾವಿ ತೋಡಿದರೆ ಸವುಳು ನೀರು. ಆದುದರಿಂದ ನಮ್ಮ ಸೀಮೆಯಲ್ಲಿ ಕೆರೆಯೆಂದರೆ ಕುಡಿಯುವ ನೀರು, ದೇವರ ಸಮಾನ. ಅದರಲ್ಲಿ ಈಜುವೆನೆಂದರೆ ಹಿರಿಯರು ಬಡಿಗೆ ಹಿಡಿಯುತ್ತಿದ್ದರು. ಉಳಿದುದು ಕಾಲುವೆ. ನಾನು ಎಂಟು ವರ್ಷದವನಿದ್ದಾಗ ಚಿಕ್ಕಪ್ಪನ ಹಿರಿಯ ಮಗನು ಎಮ್ಮೆಯ ಮೈತೊಳೆಯಲೆಂದು ಕಾಲುವೆಗೆ ಹೋದವನು ಮರಳಿ ಬರಲಿಲ್ಲ. ಅಂದಿನಿಂದ ನಮ್ಮ ಅವ್ವ ಮನೆಯ ಯಾವ ಮಗುವನ್ನೂ ನೀರಿನ ಸಮೀಪಕ್ಕೆ ಬಿಟ್ಟಿಲ್ಲ. ಆ ಅಂಜಿಕೆ ಈಗ ಮೂರನೆಯ ತಲೆಮಾರಿಗೆ ಇಳಿದಿದೆ.

ಇಳಿದಿದೆ ಎಂದು ತಿಳಿದಿದ್ದೆ. ಆದರೆ ಪದವಿ ಮುಗಿಸಿದ ಮಗಳು ಒಂದು ಸಂಜೆ ಕಾಗದವೊಂದನ್ನು ನನ್ನ ಮುಂದಿರಿಸಿದಳು. ಅಂಡಮಾನಿನಲ್ಲಿ ಆರು ದಿನಗಳ ಸೂಟಿ. ಹಿಂದೆ ಹ್ಯಾವ್‌ಲಾಕ್ ಎನಿಸಿಕೊಂಡು 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರಾದ ನಡುಗಡ್ಡೆಯಲ್ಲಿ ಸ್ಕೂಬಾ ಮುಳುಗು. ಒಟ್ಟು ಖರ್ಚು ಆ ವರ್ಷ ನಮ್ಮ ಹೊಲ ಕೊಟ್ಟ ಹೆಸರುಕಾಳಿನ ಉತ್ಪನ್ನಕ್ಕಿಂತ ಹೆಚ್ಚು. ಸಂಗತಿ ಕಾಲೇಜಿನಲ್ಲಿ ತಿಳಿದಾಗ ಸಹೋದ್ಯೋಗಿಯೊಬ್ಬರು, “2015ರಲ್ಲಿ ಮಹಾದಾಯಿಯ ನೀರಿಗಾಗಿ ಬೀದಿಗಿಳಿದ ತಾಲೂಕಿನವರು ನೀವು. ಈಗ ನೀರಲ್ಲಿ ಮುಳುಗುವುದಕ್ಕೆ ಹಣ ತೆರುವಿರಾ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಆ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳಲಾರೆ. ಆದರೂ ಅದನ್ನು ಒಪ್ಪಲಾರೆ. ನೀರಿನ ಕೊರತೆಯಿದ್ದವರಿಗೆ ನೀರಿನ ಕುತೂಹಲ ಸಲ್ಲದೆಂಬುದು ಯಾವ ನ್ಯಾಯ? ಮಹಾಕಾವ್ಯಕ್ಕೆ ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಕಡಲೂ ಒಂದು, ಜಲಕ್ರೀಡೆಯೂ ಒಂದು. ಒಳನಾಡಿನ ನಮ್ಮ ಕವಿಗಳು ಅವನ್ನು ಬಿಡಲಿಲ್ಲ. ಅವರಲ್ಲಿ ಎಷ್ಟು ಜನ ಕಡಲನ್ನು ಕಂಡಿದ್ದರೋ! ಕಾಣದೆ ವರ್ಣಿಸುವ ಹಕ್ಕು ಕವಿಗೆ ಉಂಟಾದರೆ, ಕಂಡು ಬರುವ ಹಕ್ಕು ರೈತನ ಮೊಮ್ಮಗಳಿಗೆ ಇರಬೇಡವೇ?

ನನ್ನ ಆಕ್ಷೇಪ ಬೇರೆಯದು. ದೂರದ ಲಕ್ಷದ್ವೀಪ, ಅಂಡಮಾನುಗಳನ್ನು ಹೆಸರಿಡಿದು ಹೇಳುವ ನಮ್ಮ ತರುಣರು, ನಮ್ಮ ನಾಡಿನದೇ ಆದ ನೇತ್ರಾಣಿಯನ್ನು ಹಿಂದಿನ ಪುಟಕ್ಕೆ ತಳ್ಳುತ್ತಾರೆ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿದು, ಕುಮಟೆ, ಹೊನ್ನಾವರಗಳ ಮೇಲೆ ಸಾಗಿದರೆ ಭಟ್ಕಳ ತಾಲೂಕಿನ ಮುರ್ಡೇಶ್ವರ. ಅಲ್ಲಿಯ 123 ಅಡಿಯ ಶಿವನ ಮೂರ್ತಿಯನ್ನು ನೋಡಿ ಮರಳುವವರೇ ಬಹಳ. ಅಲ್ಲಿಂದ ಸುಮಾರು 19 ಕಿಲೋಮೀಟರು ಕಡಲಲ್ಲಿ ಹೋದರೆ ನೇತ್ರಾಣಿ. ಆಕಾಶದಿಂದ ನೋಡಿದರೆ ಅದು ಹೃದಯದ ಆಕಾರದಲ್ಲಿ ಕಾಣುತ್ತದೆಂದು ಪ್ರಸಿದ್ಧಿ. ಪಾರಿವಾಳ ದ್ವೀಪವೆಂಬುದು ಅದರ ಇನ್ನೊಂದು ಹೆಸರು. ಕಡಿದಾದ ಬಂಡೆಗಳ ಮೇಲೆ ಕಾಡು. ಬಿಳಿಹೊಟ್ಟೆಯ ಕಡಲಹದ್ದಿನ ಗೂಡುಗಳು. ಮೀನುಗಾರರು ಹರಕೆ ಹೊತ್ತು ಬಿಟ್ಟ ಆಡುಗಳು. ನೌಕಾಪಡೆಯು ಅದನ್ನು ಗುರಿಯ ಅಭ್ಯಾಸಕ್ಕೆ ಬಳಸಿದ್ದೂ ಉಂಟು. ದೇವರೂ ತೋಪೂ ಒಂದೇ ಬಂಡೆಯನ್ನು ಹಂಚಿಕೊಂಡ ವಿಚಿತ್ರವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ನೀರಿನ ಕೆಳಗೆ ಹವಳ, ಗಿಳಿಮೀನು, ಚಿಟ್ಟೆಮೀನು. ಪುನೀತ್ ರಾಜಕುಮಾರರ ‘ಗಂಧದ ಗುಡಿ’ 2022ರಲ್ಲಿ ತೆರೆಕಂಡ ಮೇಲೆ ಈ ಹೆಸರು ಹಲವರ ಬಾಯಿಗೆ ಬಂದಿದೆ. ಮಳೆಗಾಲದಲ್ಲಿ ದೋಣಿಗಳು ಹೋಗವು. ದೀಪಾವಳಿಯಿಂದ ಬೇಸಿಗೆಯವರೆಗೆ ಅದರ ಕಾಲ.

ಮೊದಲ ಸಲ ಮುಳುಗುವವರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ. ಶಿಕ್ಷಕನು ಪಕ್ಕದಲ್ಲಿಯೇ ಇರುತ್ತಾನೆ. “ಈಜು ಬರಬೇಕಾಗಿಲ್ಲ” ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಸುಳ್ಳಲ್ಲ, ಅರ್ಧಸತ್ಯ. ಕ್ರಮವಾಗಿ ಕಲಿತು ಪ್ರಮಾಣಪತ್ರ ಪಡೆಯಬೇಕಾದರೆ 200 ಮೀಟರು ಈಜಿ, ಹತ್ತು ನಿಮಿಷ ಆಸರೆಯಿಲ್ಲದೆ ತೇಲಿ ತೋರಿಸಬೇಕು. ಅದಕ್ಕೆ ಕಾರಣವಿದೆ. ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರಿನ ಆಳದಲ್ಲಿ ಎದೆತುಂಬ ಎಳೆದುಕೊಂಡ ಗಾಳಿಯು ಮೇಲೆ ಬಂದಾಗ ಇಮ್ಮಡಿಯಾಗಿ ಉಬ್ಬುತ್ತದೆ. ಉಸಿರು ಕಟ್ಟಿಕೊಂಡು ಗಾಬರಿಯಿಂದ ಮೇಲೇರಿದವನ ಶ್ವಾಸಕೋಶ ಹರಿಯಬಹುದು. ಆದುದರಿಂದ ಈ ವಿದ್ಯೆಯ ಮೊದಲ ಸೂತ್ರ ಉಸಿರನ್ನು ಎಂದೂ ಹಿಡಿಯಬಾರದೆಂಬುದು. ಕುಂಭಕವನ್ನು ಹೊಗಳುವ ನಾಡಿನವರಿಗೆ ಇದು ತಲೆಕೆಳಗಾದ ಯೋಗವಾಗಿ ತೋರೀತು! 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು ಎಳೆದಾಗಷ್ಟೇ, ಎಳೆದಷ್ಟೇ ಗಾಳಿ ಕೊಡುವ ಉಪಕರಣವನ್ನು ಮಾಡದೆ ಹೋಗಿದ್ದರೆ, ದುರ್ಯೋಧನನ ಮಂತ್ರದ ಹೊರತು ನಮಗೆ ಬೇರೆ ದಾರಿಯಿರಲಿಲ್ಲ. ಗಾಬರಿಯೇ ಇಲ್ಲಿಯ ಭೀಮಸೇನ. ನೀರಿಗೆ ಹೆದರುವವನು ಮೊದಲು ಹೆದರಿಕೆಯನ್ನು ದಂಡೆಯಲ್ಲಿ ಇಳಿಸಬೇಕು. ಅದು ಈಜು ಕಲಿತಲ್ಲದೆ ಇಳಿಯದು.

ಇದಕ್ಕಾಗಿಯೇ ನಾನು ಈ ಲೇಖನ ಬರೆಯುತ್ತಿದ್ದೇನೆ. ಬೇಸಿಗೆ ಬಂದಿತೆಂದರೆ ಕೃಷಿಹೊಂಡದಲ್ಲಿ, ಕಾಲುವೆಯಲ್ಲಿ ಮಕ್ಕಳು ಮುಳುಗಿದ ವಾರ್ತೆಗಳನ್ನು ನಾವು ಓದುತ್ತೇವೆ. ನಮ್ಮ ಶಾಲೆಗಳು ಖೋಖೋ ಕಲಿಸುತ್ತವೆ, ಕಬಡ್ಡಿ ಕಲಿಸುತ್ತವೆ. ಈಜನ್ನು ಮಾತ್ರ ದೈವಕ್ಕೆ ಬಿಟ್ಟಿದ್ದೇವೆ. ಅವ್ವನಂತೆ ನೀರಿನಿಂದ ದೂರವಿರಿಸಿದರೆ ಮಕ್ಕಳು ಉಳಿದಾರೆಂದು ನಾನೂ ನಂಬಿದ್ದೆ. ಈಗ ನಂಬುವುದಿಲ್ಲ. ಚಿಕ್ಕಪ್ಪನ ಮಗನು ನೀರಿಗೆ ಇಳಿದುದರಿಂದ ಸಾಯಲಿಲ್ಲ. ಇಳಿದ ಮೇಲೆ ಏನು ಮಾಡಬೇಕೆಂಬುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಒಬ್ಬ ತರುಣಿಯ ಸೂಟಿಯ ಹಂಬಲದಿಂದ ಮನೆಯಲ್ಲಿ ನಾಲ್ವರು ಈಜು ಕಲಿತರೆ ಆ ಹಂಬಲವನ್ನು ವಿಲಾಸವೆಂದು ಹೇಗೆ ಹೇಳಲಿ?

ಇನ್ನೊಂದು ಮಾತು ಹವಳದ ವಿಷಯದಲ್ಲಿ. ಅದು ಕಲ್ಲಲ್ಲ, ಜೀವ. ಕಡಲು ಕಾದು 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿದವು. ಅದರ ಮೇಲೆ ನಮ್ಮ ಕಾಲೂ ಬೀಳುವುದು ಬೇಡ. ಯಾವುದನ್ನೂ ಮುಟ್ಟದೆ, ಏನನ್ನೂ ಕಿಸೆಗೆ ಹಾಕದೆ ಬರಲಾರದವರು ಮುರ್ಡೇಶ್ವರದ ದಂಡೆಯಲ್ಲಿಯೇ ಉಳಿಯುವುದು ಲೇಸು.

ಮಗಳೊಡನೆ ರಾಜಿಯಾಗಿದೆ. ಅಂಡಮಾನು ಅವಳ ಸ್ವಂತ ಗಳಿಕೆ ಬಂದ ಮೇಲೆ. ಈ ಸಲ ನೇತ್ರಾಣಿ. ವಿಮಾನದ ಪ್ರವಾಸವಾದರೆ ಕೊನೆಯ ಮುಳುಗಿನ ತರುವಾಯ 18 ಗಂಟೆಯಾದರೂ ನೆಲದ ಮೇಲಿರಬೇಕೆಂಬ ನಿಯಮವುಂಟು. ನೇತ್ರಾಣಿಗೆ ಬಸ್ಸಿನಲ್ಲಿ ಹೋಗಿಬರುವ ನಮಗೆ ಆ ಚಿಂತೆಯಿಲ್ಲ. ಮೂರು ತಿಂಗಳಿಂದ ತಂದೆ ಮಕ್ಕಳು ಈಜುಕೊಳಕ್ಕೆ ಹೋಗುತ್ತಿದ್ದೇವೆ. ಮಗಳು ಕೊಳದ ಉದ್ದವನ್ನು ನಾಲ್ಕು ಸಲ ಅಳೆಯುತ್ತಾಳೆ. ನಾನು ಇನ್ನೂ ಅಂಚಿನ ಕಂಬಿಯನ್ನು ಬಿಡಲು ಹಿಂದೆಮುಂದೆ ನೋಡುವವನು. ಕಣ್ಣು ತೆರೆದು ನೋಡಿದೆ. ಕಂಡುದು ನೀಲಿ ಹಾಸುಗಲ್ಲು ಮತ್ತು ನನ್ನದೇ ಕಾಲುಗಳು. ಹಿಂದಿನ ಬಾಕಿನ ಹುಡುಗನಿಗೆ ಸದ್ಯಕ್ಕೆ ಇಷ್ಟನ್ನೇ ಹೇಳಿದ್ದೇನೆ. ಅವ್ವನಿಗೆ ಮುರ್ಡೇಶ್ವರದ ದರ್ಶನವೆಂದಷ್ಟೇ ತಿಳಿಸಿದ್ದೆವು; ಆದರೆ ಒಣಗಲು ಹಾಕಿದ ಒದ್ದೆ ಬಟ್ಟೆಗಳನ್ನು ನೋಡಿ ಅವಳಿಗೆ ಎಲ್ಲವೂ ಗೊತ್ತಾಗಿದೆ. “ಹುಡುಗಿಯ ಕೈ ಬಿಡಬ್ಯಾಡ” ಎಂದಳು, ಅಷ್ಟೇ. ಆರೋಗ್ಯದ ಪ್ರಶ್ನಾವಳಿಯಲ್ಲಿ ರಕ್ತದೊತ್ತಡದ ಎದುರಿಗೆ ‘ಹೌದು’ ಎಂದು ಬರೆದಿರುವುದರಿಂದ ನನಗೆ ವೈದ್ಯರ ಸಹಿ ಬೇಕು. ಸೋಮವಾರ ಅವರನ್ನು ಕಾಣಬೇಕಾಗಿದೆ.